ಹೊರೆ ಎನಿಸಿಕೊಂಡ ಬದುಕು

2021ರ ಡಿಸೆಂಬರ್ 2ರ ರಾತ್ರಿ ಬರ್ಲಿನ್ನಿನ ರಕ್ಷಣಾ ಸಚಿವಾಲಯದ ಅಂಗಳದಲ್ಲಿ ದೀವಟಿಗೆ ಹಿಡಿದ ಸೈನಿಕರು ಸಾಲುಗಟ್ಟಿ ನಿಂತಿದ್ದರು. ಹದಿನಾರು ವರ್ಷ ಜರ್ಮನಿಯನ್ನು ಮುನ್ನಡೆಸಿದ ಆಂಗೆಲಾ ಮೆರ್ಕೆಲ್ ಅವರಿಗೆ ಅದು ಸೇನೆಯ ಬೀಳ್ಕೊಡುಗೆ. ಅಧಿಕಾರ ಬಿಟ್ಟು ಹೋಗುವವರು ತಮಗಿಷ್ಟವಾದ ಹಾಡುಗಳನ್ನು ಹೇಳಿ ನುಡಿಸಿಕೊಳ್ಳುವುದು ಅಲ್ಲಿನ ವಾಡಿಕೆ. ಮೆರ್ಕೆಲ್ ಕೇಳಿದ ಮೂರು ಹಾಡುಗಳಲ್ಲಿ ಒಂದು, 1974ರಲ್ಲಿ ಪೂರ್ವ ಜರ್ಮನಿಯಲ್ಲಿ ನೀನಾ ಹಾಗೆನ್ ಹಾಡಿದ್ದು. ಹಿಡೆನ್‌ಜೇ ಎಂಬ ದ್ವೀಪಕ್ಕೆ ರಜೆ ಕಳೆಯಲು ಹೋದ ಹುಡುಗಿ, ಕ್ಯಾಮೆರಾಗೆ ಬಣ್ಣದ ಫಿಲ್ಮ್ ತರುವುದನ್ನು ಮರೆತ ಗೆಳೆಯನ ಮೇಲೆ ಮುನಿಸಿಕೊಳ್ಳುವ ಹಾಡು ಅದು. ಇಷ್ಟು ಚೆಂದದ ಕಡಲನ್ನು ಇನ್ನು ಕಪ್ಪು ಬಿಳುಪಿನಲ್ಲೇ ನೋಡಬೇಕಲ್ಲ ಎಂಬುದು ಅವಳ ಸಂಕಟ. ಪೂರ್ವದಲ್ಲಿ ಆ ಕಾಲಕ್ಕೆ ಬೆಳೆದ ಎಲ್ಲರ ಬಾಯಲ್ಲೂ ಇದ್ದ ಹಾಡು. ಸೈನಿಕರು ಅದನ್ನು ನುಡಿಸುತ್ತಿದ್ದಾಗ, ಭಾವನೆಯನ್ನು ಹೊರಗೆ ತೋರಗೊಡದ ಮೆರ್ಕೆಲ್ ಅವರ ಕಣ್ಣು ತೇವವಾಗಿದ್ದನ್ನು ಇಡೀ ದೇಶ ಟಿವಿಯಲ್ಲಿ ಕಂಡಿತು.

ಅದಕ್ಕೆ ಸುಮಾರು ಎರಡು ತಿಂಗಳ ಹಿಂದೆ, ಅಕ್ಟೋಬರ್ 3ರ ಏಕೀಕರಣ ದಿನದಂದು ಹಾಲೆ ನಗರದಲ್ಲಿ ಅವರು ಮಾಡಿದ ಭಾಷಣವನ್ನು ಈ ಹಾಡಿನ ಜೊತೆಗಿಟ್ಟು ಕೇಳಬೇಕು. ಅವರದೇ ಪಕ್ಷಕ್ಕೆ ಹತ್ತಿರದ ಪ್ರತಿಷ್ಠಾನವೊಂದು ಪ್ರಕಟಿಸಿದ ಪುಸ್ತಕದಲ್ಲಿ, ಮೆರ್ಕೆಲ್ ಮೂವತ್ತೈದನೆಯ ವಯಸ್ಸಿನಲ್ಲಿ ತಮ್ಮ ಪೂರ್ವ ಜರ್ಮನಿಯ ಬದುಕಿನ 'ಬಲಾಸ್ಟ್' ಹೊತ್ತುಕೊಂಡು ಪಕ್ಷಕ್ಕೆ ಬಂದರು ಎಂದು ಬರೆದಿತ್ತು. ಮೆರ್ಕೆಲ್ ಆ ಪದದ ಅರ್ಥವನ್ನು ನಿಘಂಟಿನಿಂದಲೇ ಓದಿ ಹೇಳಿದರು: ಹಡಗಿನ ತಳದಲ್ಲಿ ತೂಕ ಸರಿದೂಗಿಸಲು ತುಂಬುವ, ಬೇಡವಾದಾಗ ಎಸೆದುಬಿಡಬಹುದಾದ ಸರಕು. ಮೂವತ್ತೈದು ವರ್ಷದ ಬದುಕು ಅಂಥ ಸರಕೇ ಎಂದು ಕೇಳಿದರು. ಪತ್ರಕರ್ತರೊಬ್ಬರು ತಮ್ಮನ್ನು ಹುಟ್ಟಿನಿಂದ ಅಲ್ಲ, ಕಲಿತು ಜರ್ಮನ್ ಆದವಳು ಎಂಬರ್ಥದಲ್ಲಿ ಬರೆದದ್ದನ್ನೂ ನೆನೆದರು. ಅಧಿಕಾರದಲ್ಲಿದ್ದ ಅಷ್ಟೂ ವರ್ಷ ತಾನು ಪೂರ್ವದವಳು ಎಂದು ಎದೆತಟ್ಟಿ ಹೇಳಿಕೊಳ್ಳದ ಹೆಂಗಸು ಹೊರಡುವ ಹೊತ್ತಿಗೆ ಆಡಿದ ಮಾತಿದು. ದೇಶದ ಅತ್ಯುನ್ನತ ಕುರ್ಚಿಯಲ್ಲಿ ಕೂತವರಿಗೇ ಈ ನೋವಿದ್ದರೆ, ಪೂರ್ವದ ಝ್ವಿಕಾವ್‌ನಲ್ಲೋ ರಾಸ್ಟಾಕ್‌ನಲ್ಲೋ ಕೆಲಸ ಕಳೆದುಕೊಂಡ ಕಾರ್ಮಿಕನಿಗೆ ಏನನ್ನಿಸಿರಬೇಡ?

ಜರ್ಮನಿ ಒಂದಾಗಿ ಮೂವತ್ತೈದು ವರ್ಷವಾಯಿತು. ಬರ್ಲಿನ್ ಗೋಡೆ ನಿಂತಿದ್ದದ್ದು 28 ವರ್ಷ. 2018ರ ಫೆಬ್ರುವರಿಗೇ ಅದು ಇಲ್ಲದ ಕಾಲ, ಇದ್ದ ಕಾಲವನ್ನು ದಾಟಿತು. ಆದರೂ ಚುನಾವಣೆಯ ಫಲಿತಾಂಶ, ಆಸ್ತಿ, ಚರ್ಚಿನ ಸದಸ್ಯತ್ವ, ಪುಟ್ಟ ಮಕ್ಕಳ ಶಿಶುವಿಹಾರ, ಯಾವುದರ ನಕ್ಷೆ ಬಿಡಿಸಿದರೂ ಹಳೆಯ ಗಡಿ ಮತ್ತೆ ಮೂಡುತ್ತದೆ. ಈ ಗೆರೆ ನಲವತ್ತು ವರ್ಷದ ವಿಭಜನೆ ಬಿಟ್ಟುಹೋದ ಗುರುತೋ, ಒಂದಾದ ಮೇಲೆ ಹೊಸದಾಗಿ ಎಳೆದದ್ದೋ ಎಂಬುದರ ಮೇಲೆಯೇ ಅಲ್ಲಿನ ಚರ್ಚೆಯೆಲ್ಲ ನಿಂತಿದೆ.

'ಏಕೀಕರಣ' ಎಂದೊಡನೆ ಕನ್ನಡಿಗರಾದ ನಮಗೆ 1956 ನೆನಪಾಗುತ್ತದೆ. ಹಂಚಿಹೋಗಿದ್ದ ಭಾಗಗಳು ಕೂಡಿ ಹೊಸ ರಾಜ್ಯವಾಯಿತು, ತಡವಾಗಿಯಾದರೂ 1973ರಲ್ಲಿ ಅದಕ್ಕೆ ಎಲ್ಲರೂ ಒಪ್ಪುವ ಹೆಸರು ಬಂತು. ಜರ್ಮನಿಯಲ್ಲಿ ಆದದ್ದು ಬೇರೆ. ಪಶ್ಚಿಮ ಜರ್ಮನಿಯ ಮೂಲ ಕಾನೂನಿನಲ್ಲಿ ಎರಡು ದಾರಿಗಳಿದ್ದವು. 146ನೇ ವಿಧಿಯ ಪ್ರಕಾರ ಇಡೀ ಜನತೆ ಸೇರಿ ಹೊಸ ಸಂವಿಧಾನ ಬರೆದುಕೊಳ್ಳಬಹುದಿತ್ತು. 23ನೇ ವಿಧಿಯ ಪ್ರಕಾರ ಹೊಸ ಪ್ರಾಂತ್ಯಗಳು ಇರುವ ಗಣರಾಜ್ಯಕ್ಕೆ ಬಂದು ಸೇರಿಕೊಳ್ಳಬಹುದಿತ್ತು. ಆರಿಸಿಕೊಂಡದ್ದು ಎರಡನೆಯದು. ಪೂರ್ವದ ದುಂಡು ಮೇಜಿನ ಸಭೆ ಸಿದ್ಧಪಡಿಸಿದ್ದ ಸಂವಿಧಾನದ ಕರಡು ಮೂಲೆಗೆ ಬಿತ್ತು. ದೇಶದ ಹೆಸರು, ಬಾವುಟ, ರಾಷ್ಟ್ರಗೀತೆ, ಕಾನೂನು, ನಾಣ್ಯ ಎಲ್ಲವೂ ಪಶ್ಚಿಮದ್ದೇ ಉಳಿದವು.

ಇದನ್ನು ಪಶ್ಚಿಮದ ದಬ್ಬಾಳಿಕೆ ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ, ಅದು ಸರಿಯಲ್ಲ. 1989ರ ಅಕ್ಟೋಬರ್ 9ರಂದು ಲೈಪ್ಜಿಗ್‌ನಲ್ಲಿ ಸುಮಾರು 70,000 ಜನ ಗುಂಡಿನ ಭಯ ಬಿಟ್ಟು ಬೀದಿಗಿಳಿದಾಗ ಯಾರೂ ಅವರನ್ನು ಪಶ್ಚಿಮದಿಂದ ಕಳಿಸಿರಲಿಲ್ಲ. 1990ರ ಮಾರ್ಚ್ 18ರ ಮುಕ್ತ ಚುನಾವಣೆಯಲ್ಲಿ ನೂರಕ್ಕೆ 93 ಮಂದಿ ಮತ ಹಾಕಿದರು. ಬೇಗ ಒಂದಾಗೋಣ ಎಂದ ಮೈತ್ರಿಕೂಟ ಗೆದ್ದಿತು. ಕ್ರಾಂತಿಯ ಮುಂಚೂಣಿಯಲ್ಲಿದ್ದ ನಾಗರಿಕ ಗುಂಪುಗಳ ಒಕ್ಕೂಟಕ್ಕೆ ನೂರಕ್ಕೆ ಮೂರರಷ್ಟೂ ಸಿಗಲಿಲ್ಲ. ಜನ ಬಯಸಿದ್ದನ್ನೇ ಪಡೆದರು. ಆದರೆ ಪಡೆದದ್ದರ ಬೆಲೆ ಎಷ್ಟೆಂದು ಅವರಿಗೆ ಆಗ ಪೂರ್ತಿ ಅರಿವಿರಲಿಲ್ಲ.

ಪೂರ್ವದವನೊಬ್ಬನಿಗೆ ಒಂದೆರಡು ವರ್ಷದೊಳಗೆ ವಿಮೆ, ತೆರಿಗೆಯ ಅರ್ಜಿ, ಶಾಲೆಯ ಪಠ್ಯ, ಬ್ಯಾಂಕಿನ ಲೆಕ್ಕ, ಬಾಡಿಗೆಯ ಕರಾರು, ಅಂಗಡಿಯಲ್ಲಿನ ಸೋಪಿನ ಹೆಸರು, ಕೆಲವೆಡೆ ಮನೆಮುಂದಿನ ಬೀದಿಯ ಹೆಸರು ಕೂಡ ಬದಲಾದವು. ಕಾರ್ಲ್ ಮಾರ್ಕ್ಸ್ ನಗರ ಜನಮತದಿಂದ ಮತ್ತೆ ಕೆಮ್ನಿಟ್ಸ್ ಆಯಿತು. ಪಶ್ಚಿಮದವನ ದಿನನಿತ್ಯದಲ್ಲಿ ಬದಲಾದದ್ದು ಬಹಳ ಕಡಿಮೆ. 1993ರ ಜುಲೈನಲ್ಲಿ ಇಡೀ ದೇಶಕ್ಕೆ ಐದಂಕಿಯ ಹೊಸ ಪಿನ್‌ಕೋಡ್ ಬಂತು. ಅನೇಕ ಪಶ್ಚಿಮದವರಿಗೆ ಏಕೀಕರಣಕ್ಕಾಗಿ ತಾವಾಗಿ ಹೊಸದಾಗಿ ಕಲಿಯಬೇಕಾಗಿ ಬಂದದ್ದು ಆ ಐದು ಅಂಕಿಗಳನ್ನು. ಇದರ ಜೊತೆಗೆ ತೆರಿಗೆಯ ಮೇಲಿನ 'ಐಕ್ಯ ಮೇಲ್ತೆರಿಗೆ'ಯನ್ನು ಅವರು ಕಟ್ಟಿದರು ನಿಜ, ಆದರೆ ಪೂರ್ವದವರೂ ಅದನ್ನು ಕಟ್ಟಿದ್ದಾರೆಂಬುದು ಪಶ್ಚಿಮದಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ.

ಸಂಸ್ಕೃತಿ ಎಂದರೆ ಹಾಡು, ನಾಟಕ, ಹಬ್ಬ ಎಂದಷ್ಟೇ ತಿಳಿದರೆ ಕಾರ್ಖಾನೆಗಳ ಕತೆ ಈ ಲೇಖನಕ್ಕೆ ಬೇಡವೆನಿಸಬಹುದು. ಆದರೆ ಪೂರ್ವದಲ್ಲಿ ಕಾರ್ಖಾನೆಯೇ ಬದುಕಿನ ಕೇಂದ್ರವಾಗಿತ್ತು. ಮಗುವನ್ನು ಬಿಡುವ ಶಿಶುವಿಹಾರ, ಜ್ವರ ಬಂದರೆ ಹೋಗುವ ಆಸ್ಪತ್ರೆ, ಬೇಸಿಗೆಯಲ್ಲಿ ಬಾಲ್ಟಿಕ್ ಕಡಲ ದಂಡೆಯ ರಜಾಮನೆ, ಸಂಜೆಯ ಭಜನೆ ಮೇಳದಂಥ ಹಾಡುಕೂಟ, ಹುಟ್ಟುಹಬ್ಬಕ್ಕೆ ಕೂಡುವ ಕೆಲಸದ ತಂಡ, ಎಲ್ಲವೂ ಅದರ ಮೂಲಕವೇ ಸಿಗುತ್ತಿದ್ದವು. 1990ರಲ್ಲಿ, ಸರ್ಕಾರಿ ಉದ್ದಿಮೆಗಳನ್ನು ಖಾಸಗಿಯವರಿಗೆ ಮಾರಲು ಕಟ್ಟಿದ ಟ್ರಾಯ್‌ಹಾಂಡ್ ಎಂಬ ಸಂಸ್ಥೆಯ ಕೈಗೆ ಸುಮಾರು 8,500 ಉದ್ದಿಮೆಗಳು ಬಂದವು. ಅಲ್ಲಿ ದುಡಿಯುತ್ತಿದ್ದವರು ಸುಮಾರು 40 ಲಕ್ಷ. ಜುಲೈ 1ರಂದು ಕೂಲಿ ಸಂಬಳಗಳೆಲ್ಲ ಒಂದಕ್ಕೊಂದರ ದರದಲ್ಲಿ ಪಶ್ಚಿಮದ ಮಾರ್ಕ್‌ಗೆ ತಿರುಗಿದ್ದರಿಂದ ಈ ಉದ್ದಿಮೆಗಳ ವಸ್ತುಗಳು ರಾತ್ರೋರಾತ್ರಿ ದುಬಾರಿಯಾದವು, ಪೂರ್ವ ಯುರೋಪಿನ ಗಿರಾಕಿಗಳು ಕೈಬಿಟ್ಟರು, ಸ್ವತಃ ಪೂರ್ವದ ಜನ ಪಶ್ಚಿಮದ ಸರಕಿಗೆ ಮುಗಿಬಿದ್ದರು. ನಾಲ್ಕು ವರ್ಷದಲ್ಲಿ ಕೆಲಸಗಳಲ್ಲಿ ಬಹುಪಾಲು ಕರಗಿಹೋದವು. ಉಳಿದ ಉದ್ದಿಮೆಗಳನ್ನು ಕೊಂಡವರು ಹೆಚ್ಚಾಗಿ ಪಶ್ಚಿಮದವರು. 1993ರಲ್ಲಿ ತುರಿಂಗಿಯಾದ ಬಿಷೊಫೆರೋಡದಲ್ಲಿ ಪೊಟ್ಯಾಷ್ ಗಣಿಯ ಕಾರ್ಮಿಕರು ಗಣಿ ಮುಚ್ಚಬೇಡಿರೆಂದು ಉಪವಾಸ ಕೂತರು. ಗಣಿ ಮುಚ್ಚಿತು. ಊರಿನವರು ಇಂದಿಗೂ ಆ ಸೋಲನ್ನು ಮನೆಯ ಸಾವಿನಂತೆ ಹೇಳಿಕೊಳ್ಳುತ್ತಾರೆ.

ಪೂರ್ವದಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ 1989ರಿಂದ 1994ರ ಹೊತ್ತಿಗೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಯುದ್ಧವಿಲ್ಲದ ಕಾಲದಲ್ಲಿ ಹೀಗಾಗುವುದು ಅಪರೂಪ. ಮಗು ಹೆರುವುದೆಂದರೆ ನಾಳೆಯ ಮೇಲೆ ನಂಬಿಕೆ ಇಡುವುದು. ಆ ವರ್ಷಗಳಲ್ಲಿ ಆ ನಂಬಿಕೆಯೇ ಇರಲಿಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ಲೆಕ್ಕ ನನಗೆ ಬೇರೆ ಸಿಕ್ಕಿಲ್ಲ. ಓದಿದ ಹೆಣ್ಣುಮಕ್ಕಳು ಕೆಲಸ ಹುಡುಕಿಕೊಂಡು ಹ್ಯಾಂಬರ್ಗ್, ಮ್ಯೂನಿಕ್, ಸ್ಟುಟ್‌ಗಾರ್ಟ್‌ಗಳಿಗೆ ಹೊರಟುಹೋದರು. ಹಿಂದುಳಿದದ್ದು ವಯಸ್ಸಾದವರು, ಮತ್ತು ಊರು ಬಿಡಲಾಗದ ಗಂಡಸರು.

ಇದೇ ಹೊತ್ತಿನಲ್ಲಿ ಅವರ ಹಳೆಯ ಬದುಕಿನ ಕಡತಗಳೂ ತೆರೆದವು. 1991ರ ಕೊನೆಯಲ್ಲಿ ಕಾನೂನು ಬಂತು. 1992ರ ಜನವರಿಯಿಂದ, ರಹಸ್ಯ ಪೊಲೀಸ್ ಸ್ಟಾಸಿ ತನ್ನ ಮೇಲೆ ಬರೆದಿಟ್ಟ ಕಡತವನ್ನು ಯಾವ ನಾಗರಿಕನೂ ಕೇಳಿ ಓದಬಹುದಾಯಿತು. ಒಂದರ ಪಕ್ಕ ಒಂದಿಟ್ಟರೆ 111 ಕಿಲೋಮೀಟರ್ ಉದ್ದವಾಗುವ ಕಾಗದ ಅದು. ಓದುವ ಕೋಣೆಯ ಮೇಜಿಗೆ ಕಡತ ಬರುತ್ತದೆ. ಬೇರೆಯವರ ಹೆಸರಿದ್ದಲ್ಲಿ ಕಪ್ಪು ಬಳಿದಿರುತ್ತದೆ. ಮಾಹಿತಿ ಕೊಟ್ಟವರದು ಗುಪ್ತನಾಮ ಮಾತ್ರ ಇರುತ್ತದೆ. ಆ ನಾಮದ ಹಿಂದೆ ಯಾರಿದ್ದಾರೆ ಎಂದು ತಿಳಿಯಬೇಕಾದರೆ ಬೇರೆ ಅರ್ಜಿ ಕೊಡಬೇಕು. ಕೊಡಬೇಕೋ ಬೇಡವೋ ಎಂದು ಅರ್ಜಿ ಹಿಡಿದು ಕೂತ ಗಳಿಗೆಯನ್ನು ಯೋಚಿಸಿ. ಅಕ್ಕಪಕ್ಕದ ಮನೆಯವರು, ಗೆಳೆಯರು, ಕೆಲವರಿಗೆ ಗಂಡನೇ ಆ ಗುಪ್ತನಾಮದ ಹಿಂದೆ ಸಿಕ್ಕರು. ಪೂರ್ವ ಜರ್ಮನಿಯ ಪ್ರತಿಭಟನಾಕಾರರೇ ಹಟ ಹಿಡಿದು ಈ ಕಡತಗಳನ್ನು ಸುಡದಂತೆ ಉಳಿಸಿಕೊಂಡರು. ಸರ್ವಾಧಿಕಾರ ಕಂಡ ಯಾವ ಸಮಾಜಕ್ಕೂ ಇದು ಮಾದರಿ ಎಂದು ನಾನು ನಂಬಿದ್ದೇನೆ.

ಹಾಗಿದ್ದೂ ಇದರಿಂದ ಒಂದು ತೊಡಕಾಯಿತು. ಪೂರ್ವದ ಬದುಕನ್ನು ಅಳೆಯಲು ಸ್ಟಾಸಿಯೊಂದೇ ಅಳತೆಗೋಲಾಯಿತು. ಯಾರು ಯಾವ ಕೆಲಸಕ್ಕೆ ಬಂದರೂ ಮೊದಲ ಪ್ರಶ್ನೆ ಅದೇ. ಲೇಖಕಿ ಕ್ರಿಸ್ಟಾ ವೋಲ್ಫ್ ಅವರ ಪ್ರಸಂಗ ಇದಕ್ಕೆ ದೊಡ್ಡ ಸಾಕ್ಷಿ. ಸ್ಟಾಸಿ ತಮ್ಮ ಮನೆಮುಂದೆ ಕಾವಲಿದ್ದ ದಿನಗಳ ಬಗ್ಗೆ 1979ರಲ್ಲಿ ಬರೆದು ಇಟ್ಟುಕೊಂಡಿದ್ದ ಕಿರು ಕೃತಿಯನ್ನು ಅವರು 1990ರಲ್ಲಿ ಪ್ರಕಟಿಸಿದರು. ಪಶ್ಚಿಮದ ದೊಡ್ಡ ಪತ್ರಿಕೆಗಳ ವಿಮರ್ಶಕರು, ಅಪಾಯ ಕಳೆದ ಮೇಲೆ ಧೈರ್ಯ ತೋರಿದ ಸರ್ಕಾರಿ ಲೇಖಕಿ ಎಂದು ಅವರ ಮೇಲೆ ಎರಗಿದರು. 1993ರಲ್ಲಿ, ತಾವೇ ಮೂವತ್ತು ವರ್ಷದ ಹಿಂದೆ ಸ್ವಲ್ಪಕಾಲ ಸ್ಟಾಸಿಯೊಡನೆ ಮಾತಾಡಿದ್ದನ್ನು ವೋಲ್ಫ್ ಒಪ್ಪಿಕೊಂಡಾಗ ಗದ್ದಲ ಇನ್ನೂ ಜೋರಾಯಿತು. ಆಮೇಲಿನ ಕಾಲು ಶತಮಾನ ಅದೇ ಸ್ಟಾಸಿ ಅವರನ್ನೇ ಬೆನ್ನಟ್ಟಿತ್ತು ಎಂಬುದು ಆ ಗದ್ದಲದಲ್ಲಿ ಮುಳುಗಿತು. ಅವರ ಕಾದಂಬರಿಗಳನ್ನು ಎದೆಗೊತ್ತಿಕೊಂಡು ಬೆಳೆದ ಪೂರ್ವದ ಓದುಗರು, ತೀರ್ಪು ತಮ್ಮ ಮೇಲೂ ಬಿತ್ತು ಎಂದುಕೊಂಡರು.

ಮಾತು ಒಂದೇ ಎಂಬುದೇ ಜರ್ಮನರಿಗೆ ದೊಡ್ಡ ಭರವಸೆಯಾಗಿತ್ತು. ಆದರೆ ಆ ಮಾತಿನೊಳಗೂ ಸಂದುಗಳಿದ್ದವು. ಹುರಿದ ಕೋಳಿ ಪೂರ್ವದಲ್ಲಿ 'ಬ್ರಾಯ್ಲರ್', ಪ್ಲಾಸ್ಟಿಕ್ 'ಪ್ಲಾಸ್ಟೆ'. ಗಂಟೆ ಹೇಳುವ ಕ್ರಮವೂ ಬೇರೆ. ಪೂರ್ವದ ಹೆಚ್ಚಿನ ಕಡೆ ಎರಡೂಕಾಲಕ್ಕೆ 'ಕಾಲು ಮೂರು' ಎನ್ನುತ್ತಾರೆ, ಮೂರನೆಯ ಗಂಟೆಯಲ್ಲಿ ಕಾಲು ಭಾಗ ಕಳೆಯಿತು ಎಂಬ ಅರ್ಥದಲ್ಲಿ. ದಕ್ಷಿಣದ ಕೆಲವು ಸೀಮೆ ಬಿಟ್ಟರೆ ಪಶ್ಚಿಮದವರಿಗೆ ಇದು ತಲೆಬುಡ ತಿಳಿಯದು. ಇವು ನಕ್ಕು ಮರೆಯುವ ವ್ಯತ್ಯಾಸಗಳು. ಮರೆಯಲಾಗದವು ಪೂರ್ವದವರಿಗಿಟ್ಟ 'ಒಸ್ಸಿ', ಪಶ್ಚಿಮದವರಿಗಿಟ್ಟ 'ವೆಸ್ಸಿ' ಎಂಬ ಹೆಸರುಗಳಿಂದ ಹುಟ್ಟಿದವು. ಎಲ್ಲ ಬಲ್ಲೆನೆನ್ನುವ ಪಶ್ಚಿಮದವನಿಗೆ ಕಟ್ಟಿದ 'ಬೆಸರ್‌ವೆಸ್ಸಿ' 1991ರ ವರ್ಷದ ಪದವಾಯಿತು. ಅದಕ್ಕೆ ಉತ್ತರವಾಗಿ ಸದಾ ಗೊಣಗುವ ಪೂರ್ವದವನಿಗೂ ಹೆಸರು ಬಿತ್ತು. ಪೂರ್ವದ ಕಚೇರಿಗಳಿಗೆ ಬಂದ ಪಶ್ಚಿಮದ ಅಧಿಕಾರಿಗಳಿಗೆ ಸಿಗುತ್ತಿದ್ದ ಹೆಚ್ಚುವರಿ ಹಣವನ್ನು ಜನ 'ಕಾಡಿನ ಭತ್ಯೆ' ಎಂದರು. ವಸಾಹತು ಕಾಲದ ನೆನಪಿರುವ ಪದ ಅದು.

ಪೂರ್ವದ ಚಿತ್ರವನ್ನು ಜಗತ್ತಿಗೆ ತಲುಪಿಸಿದ ಎರಡು ಸಿನಿಮಾಗಳು 'ಗುಡ್‌ಬೈ ಲೆನಿನ್' (2003) ಮತ್ತು ಆಸ್ಕರ್ ಗೆದ್ದ 'ದ ಲೈವ್ಸ್ ಆಫ್ ಅದರ್ಸ್' (2006). ಎರಡೂ ಒಳ್ಳೆಯ ಚಿತ್ರಗಳು. ಎರಡನ್ನೂ ನಿರ್ದೇಶಿಸಿದವರು ಪಶ್ಚಿಮದಲ್ಲಿ ಹುಟ್ಟಿದವರು. ಒಂದರಲ್ಲಿ ಪೂರ್ವವೆಂದರೆ ಸೌತೆಕಾಯಿ ಉಪ್ಪಿನಕಾಯಿಯ ಜಾಡಿ, ಮತ್ತೊಂದರಲ್ಲಿ ಅಟ್ಟದ ಮೇಲೆ ಕದ್ದು ಕೇಳುವ ಕಿವಿ. ಹಳೆಯ ವಸ್ತುಗಳ ಹಂಬಲಕ್ಕೆ 'ಓಸ್ಟಾಲ್ಗಿ' ಎಂಬ ಹೆಸರೂ ಬಂತು, ಅದರ ಮಾರುಕಟ್ಟೆಯೂ ಬೆಳೆಯಿತು. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ, ಪ್ರೀತಿಸಿ, ಜಗಳವಾಡಿ, ಮಕ್ಕಳನ್ನು ಸಾಕಿದ ಸಾಧಾರಣ ಬದುಕಿಗೆ ಈ ಎರಡರ ನಡುವೆ ಜಾಗ ಸಿಗಲು ಬಹಳ ಕಾಲ ಹಿಡಿಯಿತು. ಇಂಗೋ ಶುಲ್ಸೆ, ಯೆನ್ನಿ ಏರ್ಪೆನ್‌ಬೆಕ್ ಮುಂತಾದವರ ಕತೆ ಕಾದಂಬರಿಗಳಲ್ಲಿ ಅದು ಸಿಕ್ಕಿತು. ಏರ್ಪೆನ್‌ಬೆಕ್ ಅವರ 'ಕೈರೋಸ್'ಗೆ 2024ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದು ಇದೇ ಕಾರಣಕ್ಕೆ ನನಗೆ ದೊಡ್ಡ ಸಂಗತಿ.

'ಜರ್ಮನರು' ಒಂದಾದರು ಎನ್ನುವಾಗ ಆ ಪದದ ಹೊರಗುಳಿದವರ ಮಾತನ್ನೂ ಆಡಬೇಕು. ಗುತ್ತಿಗೆಯ ಮೇಲೆ ಪೂರ್ವಕ್ಕೆ ಬಂದ ಸುಮಾರು 60,000 ವಿಯೆಟ್ನಾಮೀಯರು 1989ರಲ್ಲಿ ಅಲ್ಲಿದ್ದರು. ಕಾರ್ಖಾನೆ ಮುಚ್ಚಿದಾಗ ಮೊದಲು ಬೀದಿಗೆ ಬಿದ್ದವರು ಅವರು. 1991ರಲ್ಲಿ ಹೊಯರ್ಸ್‌ವೆರ್ಡಾದಲ್ಲಿ, 1992ರ ಆಗಸ್ಟಿನಲ್ಲಿ ರಾಸ್ಟಾಕ್‌ನ ಲಿಖ್ಟೆನ್‌ಹಾಗೆನ್‌ನಲ್ಲಿ ಅವರ ವಸತಿಗಳ ಮೇಲೆ ದಾಳಿ ನಡೆಯಿತು. ರಾಸ್ಟಾಕ್‌ನಲ್ಲಿ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಒಳಗಿದ್ದ ನೂರಕ್ಕೂ ಹೆಚ್ಚು ಜನ ಚಾವಣಿ ಹತ್ತಿ ಜೀವ ಉಳಿಸಿಕೊಂಡರು. ಕೆಳಗೆ ನೆರೆದವರು ಚಪ್ಪಾಳೆ ತಟ್ಟುತ್ತಿದ್ದರು. ಇದು ಪೂರ್ವದ ರೋಗ ಎಂದು ಪಶ್ಚಿಮದವರು ನಿಟ್ಟುಸಿರು ಬಿಡುವಂತಿರಲಿಲ್ಲ: ಪಶ್ಚಿಮದ ಮೋಲ್ನ್ ಮತ್ತು ಸೋಲಿಂಗೆನ್‌ನಲ್ಲಿ ತುರ್ಕಿ ಮನೆತನಗಳ ಎಂಟು ಜನ, ಹೆಂಗಸರು ಮತ್ತು ಹುಡುಗಿಯರು, ಬೆಂಕಿಗೆ ಬಲಿಯಾದರು. ಗೋಡೆ ಬಿದ್ದದ್ದು ನಮ್ಮ ತಲೆಯ ಮೇಲೆ ಎಂಬ ಮಾತು ಜರ್ಮನಿಯ ತುರ್ಕಿ ಸಮುದಾಯದಲ್ಲಿ ಹುಟ್ಟಿದ್ದು ಆಗಲೇ.

ಈಗಿನ ಚರ್ಚೆ ಬಿಸಿಯಾಗಿರುವುದು ಮತಗಳಿಂದ. ತೀವ್ರ ಬಲಪಂಥೀಯ ಎಎಫ್‌ಡಿ ಪಕ್ಷ 2024ರಲ್ಲಿ ತುರಿಂಗಿಯಾದಲ್ಲಿ ನೂರಕ್ಕೆ 32.8 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. 2025ರ ಫೆಬ್ರುವರಿಯ ಸಂಸತ್ ಚುನಾವಣೆಯಲ್ಲಿ ಪೂರ್ವದ ಐದೂ ಪ್ರಾಂತ್ಯಗಳಲ್ಲಿ ಮುಂದಿತ್ತು. 1989ರ ಕ್ರಾಂತಿಯನ್ನು ನಾವು ಪೂರ್ಣಗೊಳಿಸುತ್ತೇವೆ ಎಂದು ಅದು ಭಿತ್ತಿಪತ್ರ ಹಚ್ಚಿತು. ಪಕ್ಷದ ತುರಿಂಗಿಯಾದ ನಾಯಕ ಹುಟ್ಟಿ ಬೆಳೆದದ್ದು ಪಶ್ಚಿಮದಲ್ಲಿ.

ಇದಕ್ಕೆ ಕಾರಣ ಹೇಳುವವರಲ್ಲಿ ಮೂವರ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ; ಮೂವರೂ ಪೂರ್ವದವರೇ. ಲೈಪ್ಜಿಗ್‌ನ ಸಾಹಿತ್ಯ ಪ್ರಾಧ್ಯಾಪಕ ಡಿರ್ಕ್ ಓಶ್‌ಮನ್ 2023ರ ತಮ್ಮ ಪುಸ್ತಕದಲ್ಲಿ, 'ಪೂರ್ವ' ಎಂಬುದು ಪಶ್ಚಿಮ ಕಟ್ಟಿದ ಕಲ್ಪನೆ ಎಂದು ಸಿಟ್ಟಿನಿಂದ ವಾದಿಸಿದರು. ಕುಲಪತಿ, ನ್ಯಾಯಾಧೀಶ, ಸಂಪಾದಕ, ಸೇನಾಧಿಕಾರಿಗಳ ಸ್ಥಾನಗಳಲ್ಲಿ ಪೂರ್ವದವರು ಎಲ್ಲಿದ್ದಾರೆ ಎಂಬುದು ಅವರ ಪ್ರಶ್ನೆ. ಪೂರ್ವದಲ್ಲಿ ಹುಟ್ಟಿದ ಮೊದಲ ನ್ಯಾಯಾಧೀಶೆ ಸಂವಿಧಾನ ನ್ಯಾಯಾಲಯದಲ್ಲಿ ಕೂತದ್ದು 2020ರಲ್ಲಿ, ಅಂದರೆ ಏಕೀಕರಣವಾಗಿ ಮೂವತ್ತು ವರ್ಷಕ್ಕೆ. ಇತಿಹಾಸಕಾರ ಇಲ್ಕೊ-ಸಾಶಾ ಕೊವಾಲ್‌ಚುಕ್ ಇದನ್ನು ಒಪ್ಪುವುದಿಲ್ಲ. ಸರ್ವಾಧಿಕಾರದಲ್ಲಿ ಬೆಳೆದವರಿಗೆ ಸ್ವಾತಂತ್ರ್ಯವೇ ಆಘಾತವಾಯಿತು, ಅದರ ಹೊಣೆಯನ್ನು ಪಶ್ಚಿಮದ ಮೇಲೆ ಹೊರಿಸಿ ಸಮಾಧಾನಪಡುವುದು ಬೇಡ ಎನ್ನುತ್ತಾರೆ. ಸಮಾಜಶಾಸ್ತ್ರಜ್ಞ ಸ್ಟೆಫೆನ್ ಮಾವ್ ತಾವು ಬೆಳೆದ ರಾಸ್ಟಾಕ್‌ನ ಲ್ಯೂಟೆನ್ ಕ್ಲೈನ್ ಬಡಾವಣೆಯ ಬಗ್ಗೆ ಬರೆಯುತ್ತಲೇ ಹೇಳುವುದು ಇನ್ನೊಂದು: ಪೂರ್ವ ಪಶ್ಚಿಮದಂತೆ ಆಗುವುದಿಲ್ಲ. ಅಲ್ಲಿ ಪಕ್ಷ, ಸಂಘ, ಚರ್ಚು ಎಂದೂ ಆಳವಾಗಿ ಬೇರುಬಿಟ್ಟಿಲ್ಲ. ಆಸ್ತಿ ಇಲ್ಲ, ಯುವಕರಿಲ್ಲ. ಈ ಬೇರೆತನ ಉಳಿದೇ ಉಳಿಯುತ್ತದೆ. ಆರ್ಥಿಕ ಇತಿಹಾಸ ಓದಿದವರು ಇನ್ನೂ ಹಿಂದಕ್ಕೆ ಹೋಗಿ, ದೇಶ ಒಡೆಯುವ ಮೊದಲೂ ಈ ಪ್ರದೇಶದಲ್ಲಿ ಹೆಂಗಸರು ಹೆಚ್ಚು ದುಡಿಯುತ್ತಿದ್ದರು, ಚರ್ಚಿಗೆ ಕಡಿಮೆ ಹೋಗುತ್ತಿದ್ದರು ಎಂದು ತೋರಿಸಿದ್ದಾರೆ.

ಓಶ್‌ಮನ್ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ನನ್ನನ್ನು ಹೆಚ್ಚು ಒಪ್ಪಿಸುವುದು ಮಾವ್ ಅವರ ತಾಳ್ಮೆ. 2019ರ ಸರ್ಕಾರಿ ವಾರ್ಷಿಕ ವರದಿಯಲ್ಲಿ ಪೂರ್ವದ ನೂರಕ್ಕೆ 57 ಮಂದಿ ತಾವು ಎರಡನೆಯ ದರ್ಜೆಯ ಪ್ರಜೆಗಳು ಎಂದರು. ಸರ್ವಾಧಿಕಾರವೊಂದೇ ಕಾರಣವಾಗಿದ್ದರೆ ಈ ಭಾವ ಕಾಲ ಕಳೆದಂತೆ ಕಡಿಮೆಯಾಗಬೇಕಿತ್ತು. ಬದಲಿಗೆ 1990ರ ಆಮೇಲೆ ಹುಟ್ಟಿದ, ಗೋಡೆಯನ್ನು ಪಠ್ಯದಲ್ಲಷ್ಟೇ ಕಂಡ ಮಕ್ಕಳೂ ತಮ್ಮನ್ನು ಪೂರ್ವದವರೆಂದು ಕರೆದುಕೊಳ್ಳುತ್ತಾರೆ. ಅವರು ಅದನ್ನು ಕಲಿತದ್ದು ಅಪ್ಪ ಅಮ್ಮ ಅಡುಗೆಮನೆಯಲ್ಲಿ ಆಡಿದ ಮಾತಿನಿಂದ, ಮತ್ತೆ ಮತ್ತೆ ಕಾಗದಪತ್ರ ಹಿಡಿದು ಉದ್ಯೋಗ ಕಚೇರಿಯ ಸಾಲಿನಲ್ಲಿ ನಿಂತ ಅವರ ಬೆನ್ನಿನಿಂದ.

ಬೆರೆತದ್ದು ಏನೂ ಇಲ್ಲವೇ ಎಂದರೆ, ಇದೆ. ಕೆಂಪು ದೀಪವಿದ್ದರೂ ಬಲಕ್ಕೆ ತಿರುಗಲು ಬಿಡುವ ಪೂರ್ವದ ಹಸಿರು ಬಾಣದ ಫಲಕ 1994ರಲ್ಲಿ ಇಡೀ ದೇಶದ ನಿಯಮವಾಯಿತು. ಪಾದಚಾರಿಗಳ ದೀಪದಲ್ಲಿ ಟೋಪಿ ಹಾಕಿ ನಡೆಯುವ ಪುಟ್ಟ ಮನುಷ್ಯನನ್ನು 1961ರಲ್ಲಿ ಕಾರ್ಲ್ ಪೆಗ್ಲಾವ್ ರೂಪಿಸಿದ್ದರು. ಅವನನ್ನು ಕಿತ್ತೆಸೆಯುವುದಕ್ಕೆ ಜನ ಬಿಡಲಿಲ್ಲ, ಇವತ್ತು ಪಶ್ಚಿಮ ಬರ್ಲಿನ್ನಿನಲ್ಲೂ ಅವನೇ ರಸ್ತೆ ದಾಟಿಸುತ್ತಾನೆ. ಮಕ್ಕಳನ್ನು ಮಲಗಿಸುವ 'ಸಾಂಡ್‌ಮೆನ್‌ಖೆನ್' ಟಿವಿ ಕಾರ್ಯಕ್ರಮ 1959ರಲ್ಲಿ ಎರಡೂ ಕಡೆ ಕೆಲವೇ ದಿನಗಳ ಅಂತರದಲ್ಲಿ ಶುರುವಾಗಿತ್ತು. ಪಶ್ಚಿಮದ್ದು 1989ರಲ್ಲಿ ನಿಂತಿತು. ಪೂರ್ವದ ಟಿವಿ ಮುಚ್ಚುವಾಗ ಅಪ್ಪ ಅಮ್ಮಂದಿರು ಹೋರಾಡಿ ತಮ್ಮ ಗಡ್ಡದ ಗೊಂಬೆಯನ್ನು ಉಳಿಸಿಕೊಂಡರು. ಈಗ ಎರಡೂ ಕಡೆಯ ಮಕ್ಕಳ ಕಣ್ಣಿಗೆ ನಿದ್ದೆಯ ಮರಳು ಎರಚುವವನು ಅವನೊಬ್ಬನೇ.

ಇವೆಲ್ಲಕ್ಕಿಂತ ದೊಡ್ಡದು ಶಿಶುವಿಹಾರದ ಕತೆ. ಪೂರ್ವದಲ್ಲಿ ಹತ್ತರಲ್ಲಿ ಒಂಬತ್ತು ಹೆಂಗಸರು ದುಡಿಯುತ್ತಿದ್ದರು ಇಲ್ಲವೇ ಓದುತ್ತಿದ್ದರು; ಕೂಸನ್ನು ಬೆಳಿಗ್ಗೆ ವಿಹಾರದಲ್ಲಿ ಬಿಟ್ಟು ಪಾಳಿಗೆ ಹೋಗುವುದು ಊಟ ತಿಂಡಿಯಷ್ಟು ಸಹಜ. ರಾಜ್ಯಕ್ಕೆ ದುಡಿಯುವ ಕೈ ಬೇಕಿತ್ತು, ಸಂಜೆ ಮನೆಗೆಲಸವೂ ಅವಳದೇ ಆಗಿತ್ತು ಎಂಬುದನ್ನು ಮರೆಯುವ ಹಾಗಿಲ್ಲ. ಪಶ್ಚಿಮದಲ್ಲಿ 1977ರವರೆಗೆ ಕಾನೂನೇ, ಸಂಸಾರದ ಕರ್ತವ್ಯಕ್ಕೆ ಅಡ್ಡಿಯಾಗದಿದ್ದರೆ ಮಾತ್ರ ಹೆಂಡತಿ ಕೆಲಸಕ್ಕೆ ಹೋಗಬಹುದು ಎನ್ನುತ್ತಿತ್ತು. ಪುಟ್ಟ ಮಗುವನ್ನು ಬಿಟ್ಟು ಹೋಗುವವಳಿಗೆ 'ಕಾಗೆ ತಾಯಿ' ಎಂಬ ಬೈಗುಳ ಕಾದಿತ್ತು. 1990ರಲ್ಲಿ ಪೂರ್ವದ ತಾಯಂದಿರಿಗೂ ಆ ಬೈಗುಳ ತಗುಲಿತು. ಶಿಶುವಿಹಾರಗಳನ್ನು ಸರ್ವಾಧಿಕಾರ ಮಕ್ಕಳನ್ನು ಪಳಗಿಸುವ ದೊಡ್ಡಿ ಎಂಬಂತೆ ನೋಡಲಾಯಿತು. ಆದರೂ ಆ ತಾಯಂದಿರು ಬಿಡಲಿಲ್ಲ. ಅವರ ಹೆಣ್ಣುಮಕ್ಕಳೂ ಪಶ್ಚಿಮಕ್ಕೆ ವಲಸೆ ಹೋದಾಗ ಆ ಅಭ್ಯಾಸವನ್ನು ಜೊತೆಗೊಯ್ದರು. 2013ರ ಆಗಸ್ಟಿನಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ವಿಹಾರದಲ್ಲಿ ಜಾಗ ಪಡೆಯುವ ಹಕ್ಕು ಇಡೀ ಜರ್ಮನಿಯಲ್ಲಿದೆ. ಮೂರು ವರ್ಷದೊಳಗಿನ ಮಕ್ಕಳಲ್ಲಿ ಪೂರ್ವದಲ್ಲಿ ಅರ್ಧಕ್ಕಿಂತ ಹೆಚ್ಚು, ಪಶ್ಚಿಮದಲ್ಲಿ ಮೂರನೇ ಒಂದು ಭಾಗದಷ್ಟು ಈಗ ಅಲ್ಲಿಗೆ ಹೋಗುತ್ತಾರೆ. ಸ್ಟುಟ್‌ಗಾರ್ಟ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ಮಗುವಿನ ಷೂ ಬಿಚ್ಚಿ ಚಪ್ಪಲಿ ತೊಡಿಸಿ, ಕೋಟನ್ನು ಅದರ ಹೆಸರಿನ ಗೂಟಕ್ಕೆ ನೇತುಹಾಕಿ ಕೆಲಸಕ್ಕೆ ಓಡುವ ತಾಯಿಗೆ, ಮೂವತ್ತು ವರ್ಷದ ಹಿಂದೆ ಇದೇ ಕೆಲಸಕ್ಕೆ ಪೂರ್ವದ ಹೆಂಗಸರು ಬೈಸಿಕೊಂಡಿದ್ದರು ಎಂಬುದನ್ನು ಯಾರೂ ಹೇಳಿರುವುದಿಲ್ಲ.